ಚೀಟಿ ಬೇಡವೆನ್ನದ ದೋನ್ ಅಬ್ದೋನ್

ಲಿಮಾದ ಕೋಮಾಸ್ ಗುಡ್ಡದಲ್ಲಿ ವೀರರಿಗೇನೂ ಬರವಿಲ್ಲ. ಒಬ್ಬ ನೀರಿನ ಟ್ಯಾಂಕರನ್ನು ಹಿಮ್ಮುಖವಾಗಿ ಗುಡ್ಡ ಹತ್ತಿಸಿದ್ದಾನೆ. ಇನ್ನೊಬ್ಬಳು ವೋಟು ಕೇಳಲು ಬಂದ ಅಭ್ಯರ್ಥಿಯನ್ನು ಪೊರಕೆ ಹಿಡಿದು ಕೆಳಗಿನ ಬಸ್ ನಿಲ್ದಾಣದವರೆಗೆ ಬೀಳ್ಕೊಟ್ಟಿದ್ದಾಳೆ. ಆದರೆ ದೋನ್ ಅಬ್ದೋನ್ ಚುಕಿಯಾಂಕನ ಕೀರ್ತಿಯ ಮುಂದೆ ಇವರೆಲ್ಲ ಮಿಣುಕು ಹುಳುಗಳು. ಮೂವತ್ತು ವರ್ಷಗಳಲ್ಲಿ ಆ ಮನುಷ್ಯ ಒಮ್ಮೆಯೂ ಪೊಯಾದದ ಚೀಟಿಯನ್ನು ಬೇಡ ಎಂದವನಲ್ಲ.

ನಮ್ಮ ಗುಡ್ಡದಲ್ಲಿ ಕಷ್ಟ ಬಂದವರು ಕೈ ಚಾಚುವುದಿಲ್ಲ, ಕೋಳಿ ಕರಿಯುತ್ತಾರೆ. ಅದೇ ಪೊಯಾದ. ಅಜ್ಜಿಯ ಕಣ್ಣಿನ ಆಪರೇಶನ್ನಿರಲಿ, ಮನೆಯ ಛಾವಣಿಯಿರಲಿ, ಮೊದಲು ಬೀದಿಗೆ ಬರುವುದು ಚೀಟಿ. ದುಡ್ಡು ಕೊಡುವುದು ಭಾನುವಾರ, ಊಟಕ್ಕೆ ಬಂದಾಗ. ಒಂದು ಚೀಟಿಗೆ ಮಸಾಲೆ ಹಚ್ಚಿ ಕರಿದ ದೊಡ್ಡ ತುಂಡು, ಬೇಯಿಸಿದ ಆಲೂಗಡ್ಡೆ, ಬದಿಗೊಂದು ಚಮಚ ಮೆಣಸಿನ ಗೊಜ್ಜು. ನಿನ್ನ ಚೀಟಿಯನ್ನು ನಾನು ಕೊಂಡರೆ ನಾಳೆ ನನ್ನದನ್ನು ನೀನು ಕೊಳ್ಳಬೇಕು ಎಂಬುದು ಯಾವ ಶಾಸನದಲ್ಲೂ ಇಲ್ಲದ, ಯಾರೂ ಮೀರದ ಕಾನೂನು. ಆದ್ದರಿಂದಲೇ ಜಾಣರು ಚೀಟಿ ಮಾರುವವರು ಕಂಡರೆ ಓಣಿ ಬದಲಿಸುತ್ತಾರೆ. ಅಬ್ದೋನ್ ಮಾತ್ರ ಓಣಿ ದಾಟಿ ಅವರ ಎದುರಿಗೇ ಬರುತ್ತಿದ್ದ. ಕರ್ಣ ಕವಚ ಬಿಚ್ಚಿಕೊಟ್ಟದ್ದು ಒಂದೇ ಸಲ. ನಮ್ಮ ಅಬ್ದೋನ್ ಜೇಬು ಬಿಚ್ಚಿದ್ದು ವಾರವಾರವೂ.

ಅಬ್ದೋನ್ ಕೆಲಸ ಮಾಡುತ್ತಿದ್ದದ್ದು ಕೊಡೆ ಕಾರ್ಖಾನೆಯಲ್ಲಿ. ಚಳಿಗಾಲದ ಮಂಜಿನ ತುಂತುರು ಬಿಟ್ಟರೆ ಮಳೆಯ ಮುಖವನ್ನೇ ಕಾಣದ ಲಿಮಾದಲ್ಲಿ ಕೊಡೆ ಕಾರ್ಖಾನೆ ಏಕೆ ಎಂದು ಕೇಳಬೇಡಿ. ಕೊಡೆಗಳು ಲಾರಿ ಹತ್ತಿ, ಮಳೆ ಸುರಿಯುವ ಬೆಟ್ಟದ ಊರುಗಳಿಗೆ ಹೋಗುತ್ತಿದ್ದವು. ಆಮೇಲೆ ಹಡಗಿನಲ್ಲಿ ಅರ್ಧ ಬೆಲೆಯ ಕೊಡೆಗಳು ಬಂದಿಳಿದವು, ಲಾರಿಗಳು ನಿಂತವು. ಒಂದು ಬೆಳಿಗ್ಗೆ ನೋಡಿದರೆ ಗೇಟಿಗೆ ಅರಗಿನ ಮುದ್ರೆ ಬಿದ್ದಿತ್ತು. ದಿವಾಳಿಯ ಲೆಕ್ಕ ಚುಕ್ತಾ ಮಾಡಲು ಬಂದ ವಕೀಲರು ಕಾರ್ಮಿಕರನ್ನು ಕೂರಿಸಿಕೊಂಡು, ಕಾನೂನಿನ ಪ್ರಕಾರ ದುಡ್ಡು ಸಿಗುವ ಸಾಲಿನಲ್ಲಿ ಬ್ಯಾಂಕಿಗಿಂತ ನೀವೇ ಮುಂದೆ ಎಂದು ತಿಳಿಸಿದರು. ಹುಟ್ಟಿದಾಗಿನಿಂದ ಯಾವ ಸಾಲಿನಲ್ಲೂ ಮೊದಲು ನಿಲ್ಲದ ಅಬ್ದೋನನ ಎದೆ ಒಂದು ಗಳಿಗೆ ಉಬ್ಬಿತು. ಯಂತ್ರಗಳು ಮಾರಾಟವಾಗುವ ತನಕ ಆ ಸಾಲು ಕದಲುವುದಿಲ್ಲ ಎಂದು ವಕೀಲರು ಆಮೇಲೆ ಹೇಳಿದರು. ಅಲ್ಲಿಯವರೆಗೆ ಸಮಾಧಾನಕ್ಕೆಂದು ತಲೆಗೊಂದು ಕಟ್ಟು ಕಪ್ಪು ಕೊಡೆ ಹಂಚಿದರು.

ಅಬ್ದೋನನಿಗೆ ಮೂರು ಕಡೆ ಸಾಲವಿತ್ತು. ಮೂಲೆ ಅಂಗಡಿಯ ದೋನ್ಯಾ ಕೊರ್ನೇಲಿಯಾಳಿಗೆ ಅಕ್ಕಿ, ಎಣ್ಣೆಯ ಬಾಕಿ. ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನಪಿತನಾಗಿ ನಿಂತ ಕೊಂಪಾದ್ರೆ ವಿಕ್ತೋರಿಯಾನೋನಿಂದ ಛಾವಣಿಗೆಂದು ಪಡೆದ ಕೈಗಡ. ಮೂರನೆಯದು ಸಹಕಾರ ಸಂಘದ ಸಾಲ, ಹೆಂಡತಿ ಎರ್ಮೆಲಿಂದಾಳ ಹೊಸ ಹೊಲಿಗೆ ಮೆಷಿನ್ನಿನದು. ಆಕೆ ಮದುವೆಯಾದಾಗಿನಿಂದಲೂ ವಾರವಿಡೀ ಶಾಲೆಯ ಸಮವಸ್ತ್ರ ಹೊಲಿದು ಭಾನುವಾರದ ಸಂತೆಯಲ್ಲಿ ಮಾರುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಮೆಷಿನ್ನಿನಿಂದಲೇ.

ಅಬ್ದೋನ್ ಮೊದಲು ಕೊಡೆಗಳಿಂದಲೇ ಸಾಲ ತೀರಿಸಲು ಹೊರಟ. ದೋನ್ಯಾ ಕೊರ್ನೇಲಿಯಾ ಒಂದನ್ನು ಬಿಚ್ಚಿ, ತಲೆಯ ಮೇಲೆ ಹಿಡಿದು, ನೀಲಿ ಆಕಾಶವನ್ನೊಮ್ಮೆ ನೋಡಿದಳು.

"ಇದನ್ನ ಹಿಡ್ಕೊಂಡು ನಾನೇನು ಸ್ನಾನಕ್ಕೆ ಕೂರ್ಲಾ, ದೋನ್ ಅಬ್ದೋನ್?"

ಅಂದಿನಿಂದ ಅವನು ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟ. ಸಾಲ ಕೊಟ್ಟವರು ಬಾಗಿಲು ಬಡಿದರೆ ಮಂಚದ ಕೆಳಗೆ ಏನನ್ನೋ ಹುಡುಕುವ ಅಭ್ಯಾಸವೂ ಶುರುವಾಯಿತು. ಒಂದು ದಿನ ಎರ್ಮೆಲಿಂದಾ ಬಗ್ಗಿ ಅವನ ಕಾಲು ಹಿಡಿದೆಳೆದಳು.

"ಎದ್ದು ಬಾ ಮುದುಕಾ. ಕೊರ್ನೇಲಿಯಾ ಬೈತಾಳೆ, ಬೈಲಿ. ಬೈಸಿಕೊಂಡ್ರೆ ಹೊಟ್ಟೆ ಹಸಿಯಲ್ಲ. ಮೆಷಿನ್ ಹೋದ್ರೆ ಹಸಿಯುತ್ತೆ. ಅವ್ರು ಬರೋಕ್ಮುಂಚೆ ನಾವೇ ಸಂಘಕ್ಕೆ ಹೋಗೋಣ."

ಹೋದರು. ಸಂಘದ ಮೇಡಂ ಕೆಟ್ಟವಳಲ್ಲ. ಬಾಕಿ ಬಿದ್ದ ಮೂರು ಕಂತುಗಳನ್ನು ಮುಂದಿನ ತಿಂಗಳ ಮೊದಲ ಸೋಮವಾರ ಕಟ್ಟಿದರೆ ಉಳಿದದ್ದಕ್ಕೆ ಅವಧಿ ಹೆಚ್ಚಿಸಿ ಕಂತನ್ನು ಅರ್ಧಕ್ಕಿಳಿಸುವುದಾಗಿ ಮಾತು ಕೊಟ್ಟಳು. ಕಟ್ಟದಿದ್ದರೆ ಮಂಗಳವಾರ ಮೆಷಿನ್ನಿಗೆ ಗಾಡಿ ಬರುತ್ತದೆ ಎಂದೂ ಹೇಳಿದಳು.

ಮೂವತ್ತು ವರ್ಷ ಇತರರ ಕೋಳಿ ತಿಂದವನು ಹೀಗೆ ತನ್ನ ಕೋಳಿ ಕರಿಯುವ ದಿನ ಬಂತು. ಸೋಮವಾರದ ಹಿಂದಿನ ಭಾನುವಾರಕ್ಕೆ ಪೊಯಾದ ನಿಗದಿಯಾಯಿತು. ಚೀಟಿ ಹಿಡಿದ ಅಬ್ದೋನ್ ಗುಡ್ಡ ಹತ್ತಿದರೆ ಒಬ್ಬರೂ ಓಣಿ ಬದಲಿಸಲಿಲ್ಲ. ಬಾಗಿಲು ಬಾಗಿಲಿನಲ್ಲೂ ತಾವಾಗಿಯೇ ಕೈಯೊಡ್ಡಿದರು. ವಿಜಯಯಾತ್ರೆ ಮುಗಿಸಿ ಬಂದ ಅರಸನಂತೆ ಬರಿಗೈಯಲ್ಲಿ ಇಳಿದು ಬಂದು, ಚೀಟಿಯೆಲ್ಲ ಖಾಲಿ ಎಂದು ಘೋಷಿಸಿದ.

ಆ ಭಾನುವಾರ ಎರ್ಮೆಲಿಂದಾ ಸಂತೆಗೆ ಹೋಗಲಿಲ್ಲ. ಅಂಗಳದ ಮೇಲೆ ಹಗ್ಗ ಎಳೆದು, ಕಪ್ಪು ಕೊಡೆಗಳನ್ನೆಲ್ಲ ಬಿಚ್ಚಿ ತೂಗಿಬಿಟ್ಟು ನೆರಳು ಮಾಡಿದ್ದರು. ದೂರದಿಂದ ನೋಡಿದವರಿಗೆ ಬಾವಲಿಗಳ ಮದುವೆಯಂತೆ ಕಾಣುತ್ತಿತ್ತು. ಇಡೀ ಗುಡ್ಡವೇ ಬಂದು ಕೂತಿತು. ದೋನ್ಯಾ ಕೊರ್ನೇಲಿಯಾ ಅಕ್ಕತಂಗಿಯರನ್ನೆಲ್ಲ ಕರೆತಂದಳು. ವಿಕ್ತೋರಿಯಾನೋ ತನ್ನ ಫುಟ್‌ಬಾಲ್ ತಂಡವನ್ನು ಮೀಸಲು ಆಟಗಾರರ ಸಮೇತ ತಂದ. ತಟ್ಟೆಗಳು ಹೊರಗೆ ಹೋಗುತ್ತಿದ್ದವು, ದುಡ್ಡು ಮಾತ್ರ ಅಷ್ಟಾಗಿ ಒಳಗೆ ಬರುತ್ತಿರಲಿಲ್ಲ. ಎರ್ಮೆಲಿಂದಾ ಗಂಡನ ಅಂಗಿಯ ಚುಂಗು ಹಿಡಿದು ಅಡುಗೆಮನೆಗೆ ಎಳೆದಳು.

"ಕೊರ್ನೇಲಿಯಾ ಹತ್ತು ತಟ್ಟೆ ತಗೊಂಡ್ಲಲ್ಲ, ದುಡ್ಡೆಲ್ಲಿ?"

"ನಮ್ಮ ಬಾಕಿಯಲ್ಲಿ ಮುರ್ಕೋತೀನಿ ಅಂದ್ಲು."

"ಕೊಂಪಾದ್ರೆ?"

"ಅವ್ನೂ ಹಂಗೇ ಅಂದ."

"ನೀನೇನಂದೆ?"

"ಬೇಡ ಅಂತ ಹೇಗನ್ನೋದು, ಎರ್ಮಿ?"

ವೀರನ ಬಲವೇ ವೀರನ ಕೊರಳಿಗೆ ಬಿದ್ದಿತ್ತು. ಕೊಳ್ಳುವಾಗ ಬೇಡವೆನ್ನದ ನಾಲಿಗೆ ಮಾರುವಾಗ ಹೇಗೆ ತಾನೆ ಹೊರಳೀತು? ಬೇರೆಯವರಿಂದ ಬಂದ ನಗದು ಕೋಳಿಗೂ ಎಣ್ಣೆಗೂ ಸರಿಹೋಗುತ್ತಿತ್ತು. ಬೆಳಗಾದರೆ ಸೋಮವಾರ, ಕಂತಿಗೆ ಬಿಡಿಗಾಸೂ ಇಲ್ಲ.

ಎರ್ಮೆಲಿಂದಾ ಕೂಗಾಡಲಿಲ್ಲ. ಬುಟ್ಟಿಯಿಂದ ರೊಕೋತೊ ಮೆಣಸು ತೆಗೆದಳು. ಅದು ನೋಡಲು ಟೊಮೆಟೊದಷ್ಟು ಸಾಧು, ಸ್ವಭಾವದಲ್ಲಿ ದೂರ್ವಾಸ. ಗೊಜ್ಜಿಗೆ ಎರಡು ಹಾಕುವಲ್ಲಿ ಬುಟ್ಟಿಯನ್ನೇ ಒರಳಿಗೆ ಬೋರಲು ಹಾಕಿ, ಬೀಜವನ್ನೂ ತೆಗೆಯದೆ ಅರೆದಳು. ಗೊಜ್ಜಿನ ಬಟ್ಟಲನ್ನು ಗಂಡನ ಕೈಗಿತ್ತು, ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಬಡಿಸು ಎಂದಳು. ತಾನು ಹೊರಗೆ ಹೋಗಿ, ಮಂಜುಗಡ್ಡೆಯಲ್ಲಿ ಬಿಯರ್ ಮುಳುಗಿಸಿಟ್ಟ ದೊಡ್ಡ ಬೋಗುಣಿಯ ಪಕ್ಕ ಕುರ್ಚಿ ಹಾಕಿಕೊಂಡು ಸಿಂಹಾಸನವೇರಿದಂತೆ ಕೂತಳು.

ಮೊದಲು ಕೆಮ್ಮಿದ್ದು ಗೋಲ್‌ಕೀಪರ್. ಆಮೇಲೆ ಇಡೀ ತಂಡ ಒಬ್ಬರ ಹಿಂದೊಬ್ಬರಂತೆ ಮೈದಾನ ಬಿಟ್ಟು ಬೋಗುಣಿಯತ್ತ ನುಗ್ಗಿತು. ದೋನ್ಯಾ ಕೊರ್ನೇಲಿಯಾ ಬಂದಾಗ ಅವಳ ಕಣ್ಣು, ಮೂಗು ಎರಡೂ ಹರಿಯುತ್ತಿದ್ದವು. ಆ ಸ್ಥಿತಿಯಲ್ಲೂ ವ್ಯಾಪಾರ ಮರೆತಿರಲಿಲ್ಲ.

"ಎರಡು ಬಾಟ್ಲಿ ಕೊಡು, ಮಗಳೇ. ಇದನ್ನೂ ಬಾಕೀಲಿ ಮುರ್ಕೋತೀನಿ."

"ಇವತ್ತು ಸಾಲ ಇಲ್ಲ, ನಾಳೆ ಬನ್ನಿ," ಎಂದಳು ಎರ್ಮೆಲಿಂದಾ. "ನಿಮ್ಮ ಅಂಗಡೀಲಿ ನೀವೇ ತೂಗುಹಾಕಿರೋ ಬೋರ್ಡು, ದೋನ್ಯಾ. ಕೋಳಿ ಬಾಕಿಗೆ, ಬಿಯರ್ ನಗದಿಗೆ."

ಕೊರ್ನೇಲಿಯಾ ಬಾಯಿ ತೆರೆದಳು. ತೆರೆದ ಬಾಯಿಗೆ ಗಾಳಿ ಹೊಕ್ಕು ಉರಿ ಇಮ್ಮಡಿಯಾಯಿತು. ರವಿಕೆಯೊಳಗಿನ ಚೀಲ ಹೊರಬಂತು. ವೈನೋ ಎಂಬ ಬೆಟ್ಟಸೀಮೆಯ ಕುಣಿತದ ಹಾಡುಗಳು ಶುರುವಾದ ಮೇಲಂತೂ ಕುಣಿದ ಬಾಯಾರಿಕೆಯೂ ಸೇರಿಕೊಂಡಿತು. ಬಿಯರ್ ತಂದುಕೊಟ್ಟ ವ್ಯಾಪಾರಿ ಉಳಿದದ್ದನ್ನು ವಾಪಸ್ ಒಯ್ಯಲು ಬಂದಾಗ ತನ್ನ ಅಸಲು ಎಣಿಸಿಕೊಂಡು ಖಾಲಿ ಬಾಟಲಿಗಳನ್ನಷ್ಟೇ ಒಯ್ದ.

ಸೋಮವಾರ ಮೂರು ಕಂತೂ ಸಂಘದ ಮೇಜಿನ ಮೇಲೆ ಬಿದ್ದವು. ನೋಟುಗಳು ಒದ್ದೆಯಾಗಿದ್ದವು, ಮೆಣಸಿನ ಘಾಟೂ ಇತ್ತು. ಮೇಡಂ ಸೀನುತ್ತಲೇ ಹೊಸ ಕಂತಿಗೆ ಸಹಿ ಹಾಕಿದಳು. ಮಂಗಳವಾರ ಗಾಡಿ ಬರಲಿಲ್ಲ, ಮೆಷಿನ್ ಇದ್ದಲ್ಲೇ ಗುರುಗುಟ್ಟಿತು. ಅಂಗಡಿಯ ಬಾಕಿಯನ್ನು ಕೊರ್ನೇಲಿಯಾಳ ಕುಟುಂಬವೂ ಕೈಗಡದ ಅರ್ಧವನ್ನು ಫುಟ್‌ಬಾಲ್ ತಂಡವೂ ತಿಂದು ಮುಗಿಸಿದ್ದವು. ವಕೀಲರ ಸಾಲು ಇನ್ನೂ ಕದಲಿಲ್ಲ. ಅಬ್ದೋನ್ ಈಗಲೂ ಅದರಲ್ಲಿ ಮೊದಲಿಗನೇ.

ಸುದ್ದಿ ಗುಡ್ಡವನ್ನು ಹತ್ತಿ ಇಳಿಯಿತು. ಮುಂದಿನ ನೆರೆಹೊರೆ ಸಭೆಗೆ ಕೆಲಸ ಕಳೆದುಕೊಂಡ ಕೊಡೆ ಕಾರ್ಖಾನೆಯವರೆಲ್ಲ ಬಂದರು. ಅಧ್ಯಕ್ಷ ದೋನ್ ನಿಕಾನೋರ್‌ಗೆ ಮೈಕು ಸಿಗುವುದೇ ಅಪರೂಪ, ಅಂದು ಸಿಕ್ಕಿತ್ತು. ಬ್ಯಾಂಕುಗಳು ಕುಸಿದಾವು, ಕಾರ್ಖಾನೆಗಳು ಮುಳುಗಾವು, ಆದರೆ ಈ ಮಹಾನುಭಾವ ಮೂವತ್ತು ವರ್ಷಗಳ ಹಿಂದೆಯೇ ಇದನ್ನೆಲ್ಲ ಕಂಡಿದ್ದ, ಆದ್ದರಿಂದಲೇ ತನ್ನ ಗಳಿಕೆಯನ್ನು ವಾರವಾರವೂ ಜನರ ಹೃದಯಗಳಲ್ಲಿ ಠೇವಣಿ ಇಟ್ಟ ಎಂದು ಗುಡುಗಿದರು. ಕೆಲವರು ಕಣ್ಣೊರೆಸಿಕೊಂಡರು, ಈ ಸಲ ಮೆಣಸಿಲ್ಲದೆಯೇ.

"ಹೇಳಿ, ದೋನ್ ಅಬ್ದೋನ್," ಎಂದು ಮೈಕನ್ನು ಅವನ ಮೂಗಿಗೇ ಹಿಡಿದರು. "ಒಂದು ಚೀಟೀನೂ ಬೇಡ ಅನ್ನದೆ ಮೂವತ್ತು ವರ್ಷ ಹೆಂಗೆ ನಡೆಸಿದ್ರಿ? ಈ ಜನಕ್ಕೆ ಆ ಗುಟ್ಟು ಹೇಳಿ."

ಅಬ್ದೋನ್ ಎದ್ದು ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಭಾನುವಾರ ಎರ್ಮಿ ಸಂತೆಗೆ ಹೋಗ್ತಾಳೆ," ಎಂದ. "ಮನೇಲಿ ಅಡುಗೆ ಇರಲ್ಲ."