ಅಪ್ಪನ ಭಿಂಗ, ಗ್ರಹಣದ ಚಂದ್ರ

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಇಚಲಕರಂಜಿಯ ನಮ್ಮ ಮಾಳಿಗೆಯ ಮೇಲೆ ಹೋಗಿ ನಿಲ್ಲುತ್ತೇನೆ. ಕೆಳಗೆ ನಾಲ್ಕು ಮಗ್ಗ, ಮೇಲೆ ನಾವು; ಮಲಗಿದರೆ ಹಾಸಿಗೆಯೂ ನಡುಗುತ್ತಿದ್ದ ಅಂಥ ಮನೆ ನಿಮಗೂ ಗೊತ್ತಿರಬಹುದು. ಅಪ್ಪನ ಕಿಸೆಯಲ್ಲಿ ಸದಾ ಹಿತ್ತಾಳೆ ಚೌಕಟ್ಟಿನ ಭಿಂಗವಿರುತ್ತಿತ್ತು, ಬಟ್ಟೆಯ ಮೇಲಿಟ್ಟು ಇಂಚಿಗೆಷ್ಟು ಎಳೆಯೆಂದು ಎಣಿಸುವ ದಪ್ಪ ಗಾಜು. ಅದನ್ನು ಅವ್ವ ಕೂಡ ಮುಟ್ಟುತ್ತಿರಲಿಲ್ಲ.

ಅಪ್ಪನ ತಮ್ಮ ಗಂಗಪ್ಪ ಕಾಕಾ ಕೊಲ್ಹಾಪುರದ ಸ್ಟುಡಿಯೋ ಒಂದರಲ್ಲಿದ್ದ. ಒಂದು ಚಳಿಗಾಲದ ಹುಣ್ಣಿಮೆಗೆ ಕ್ಯಾಮೆರಾ ಹಿಡಿದು ಬಂದ; ಅಂದು ಚಂದ್ರ ಗ್ರಹಣ ಹಿಡಿದೇ ಮೂಡುವವನಿದ್ದ. ಬಟ್ಟೆ ಸುತ್ತುವ ರಟ್ಟಿನ ಕೊಳವೆಯ ಒಂದು ತುದಿಗೆ ಚಷ್ಮಾದ ಗಾಜು ಕೂಡಿಸಿ ದುರ್ಬೀನು ಮಾಡಿದೆವು. ಕಣ್ಣಿಡುವ ತುದಿಗೆ ಭಿಂಗವೇ ಬೇಕಿತ್ತು. ನನ್ನ ಮೇಲೆ ಒಂದು ದೂರು ಬಂದರೂ ಸಾಲಿ ಬಿಡಿಸಿ ಮಗ್ಗಕ್ಕೆ ಹಚ್ಚುವೆನೆಂದು ಅಪ್ಪ ಮೊದಲೇ ಹೇಳಿದ್ದ. "ಹೆದರಬ್ಯಾಡೋ, ತಗೊಂಬಾ. ಅಣ್ಣ ಕೇಳಿದ್ರ ನಾನ ತಗೊಂಡೆ ಅಂತ ಹೇಳ್ತೇನಿ," ಎಂದ ಕಾಕಾ. ಅಪ್ಪ ಜಳಕಕ್ಕೆ ಹೋದಾಗ ತಂದುಕೊಟ್ಟೆ. ನೇಯುವವರ ಮನೆಯಲ್ಲಿ ಅಂಟೆಂದರೆ ಗಂಜಿ. ಚೌಕಟ್ಟು ಬಿಚ್ಚಿ, ಗಾಜನ್ನು ಗಂಜಿಯಿಂದಲೇ ಅಂಟಿಸಿದೆವು.

ಸಂಜೆ ಮಾಳಿಗೆಯ ಮೇಲೆ ತೇವದ ಗಾಳಿ, ಮಂಜು. "ಗ್ರಹಣದಾಗ ಹೊರಗ ನಿಂತ್ರ ಬುದ್ಧಿ ಕೆಡತೈತಿ!" ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ನಿಂತ್ಕೋರಿ ನಿಂತ್ಕೋರಿ, ಬುದ್ಧಿ ಇದ್ದವರಿಗೆ ಕೆಡೂದದು," ಎಂದು ಅವಳೇ ಸೇರಿಸಿದಳು. ಅರ್ಧ ಕಪ್ಪಾದ ಚಂದ್ರ ಸುತ್ತಲಿನ ಮನೆಗಳ ತಗಡುಗಳ ಮೇಲೆ ಎದ್ದ. ಅಷ್ಟರಲ್ಲಿ ಮಂಜಿಗೆ ಗಂಜಿ ನೆನೆದು ಗಾಜು ಜಾರತೊಡಗಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಕಾಕಾ ಆ ತುದಿಗೇ ಆನಿಸಿ ಹಿಡಿದ ಕ್ಯಾಮೆರಾ ಕಟಕ್ ಎಂದಿತು. "ಬಂತು, ಬಿಡು!" ಎಂದ ಕಾಕಾ. ಬಿಟ್ಟೆ. ಗಾಜು ಹಾಸುಗಲ್ಲಿಗೆ ಬಿದ್ದು ಎರಡಾಯಿತು.

ಅಪ್ಪ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ: "ಯಾರ ತಗದಾರಿದನ್ನ?" ನಾನು ಕಾಕಾನ ಬಾಯಿ ನೋಡಿದೆ. "ಸಣ್ಣಾವದಾನ, ಬಿಡಣ್ಣಾ. ತಿಳೀಲಾರದ ಮಾಡ್ಯಾನ," ಎಂದ ಕಾಕಾ, ನನ್ನ ತಲೆ ಸವರುತ್ತ. ಅಪ್ಪ ಹೊಡೆಯಲಿಲ್ಲ. "ಸಾಲ್ಯಾಗ ಕಳವು ಕಲಿಸ್ಯಾರೇನು? ನಾಳಿಂದ ಮಗ್ಗಕ್ಕ ನಿಲ್ಲು," ಎಂದ. ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲಿದ್ದವನು ನಾನು. ಆದರೂ ಕಾಕಾ ತಾನಾಗಿ ಹೇಳಲಿ ಎಂದು ಕಾದೆ. ಮರುದಿನ ಬೆಳಗಿನ ಬಸ್ಸಿಗೆ ಅವನು ಹೋದ.

ನಲವತ್ತು ವರ್ಷ ಮಗ್ಗ ನಡೆಸಿದೆ. ನಾನು ನೇಯ್ದ ಬಟ್ಟೆಯ ಒಂದು ತಾಕೂ ದೋಷವೆಂದು ತಿರುಗಿ ಬರಲಿಲ್ಲ. ಆ ಚಂದ್ರನ ಫೋಟೋವನ್ನು ಒಮ್ಮೆ ಕೊಲ್ಹಾಪುರದ ಸ್ಟುಡಿಯೋದ ಗಾಜಿನೊಳಗೆ ನೋಡಿದ್ದೆ, ಕೆಳಗೆ ಕಾಕಾನ ಹೆಸರು. ಒಳಗೆ ಕಾಲಿಡದೆ ಬಂದೆ. ಕಾಕಾ ತೀರಿದ ಮೇಲೆ ಅವನ ಹೆಂಡತಿ, ನಮ್ಮ ಕಾಕು, ಟ್ರಂಕಿನ ತಳದಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟಳು, ಅಂಚು ಕತ್ತರಿಸದೆ ಇಟ್ಟದ್ದು. ಚಂದ್ರನ ಕೆಳಗೆ, ಸ್ಟುಡಿಯೋದ ಪ್ರತಿಯಲ್ಲಿ ಕಾಣದಿದ್ದ ಒಂದು ಮಸುಕು. ಅದು ಗ್ರಹಣದ್ದಲ್ಲ, ನನ್ನ ಹೆಬ್ಬೆರಳಿನದು. ಮಗ್ಗಗಳು ಗುಜರಿಗೆ ಹೋದವು, ಮಾಳಿಗೆ ಬಿತ್ತು. ಅಪ್ಪನಿಗೆ ತೋರಿಸೋಣವೆಂದರೆ ಅಪ್ಪನಿಲ್ಲ.