ಬಾಯಲ್ಲಿ ನೀರು ತುಂಬಿಕೊಂಡು ಎರಡು ಸುತ್ತು

ನಾನು ಹೋಗಬೇಕಾಗಿದ್ದು ದಿಂಡಿಗಲ್‌ಗೆ. ನಮ್ಮ ಕಾನ್ವೆಂಟಿನ ಹಳೇ ಹುಡುಗಿಯರ ಲಂಚ್, ಹನ್ನೊಂದು ಗಂಟೆಗೆ. ಹುಡುಗಿಯರು ಅಂತ ಹೆಸರಿಗೆ ಮಾತ್ರ. ಎಲ್ಲರಿಗೂ ಎಪ್ಪತ್ತು ದಾಟಿದೆ, ಪ್ರತಿ ವರ್ಷ ಒಂದೆರಡು ಕುರ್ಚಿ ಕಡಿಮೆ ಹಾಕಿಸುತ್ತೇವೆ. ಕೊಂಬೈಯಿಂದ ತೇನಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು. ಇನ್ನೂರು ರೂಪಾಯಿ ಮುರಿಸಿದ್ದರೆ ಚಿಲ್ಲರೆ ಉಳಿಸಿಕೊಂಡು ನೆಮ್ಮದಿಯಾಗಿ ಹೋಗಬಹುದಿತ್ತು. ತಮ್ಮ ದೊರೈರಾಜ್, "ನಾನೂ ಅದೇ ದಾರೀಲಿ ಹೋಗ್ತೀನಕ್ಕ, ಇಳಿಸ್ತೀನಿ" ಅಂದ. ನಂಬಿದ್ದು ನನ್ನ ಸ್ಟುಪಿಡಿಟಿ.

ದೊರೈಗೆ ಅರವತ್ತಾರು. ಓಡೈಪಟ್ಟಿಯಲ್ಲಿ ದ್ರಾಕ್ಷಿ ವ್ಯಾಪಾರ. ಅದು ಹೊಟ್ಟೆಪಾಡು, ಅವನ ಜೀವ ಇರುವುದು ಕಾರಿನಲ್ಲಿ. ಹದಿನೈದು ವರ್ಷದಿಂದ ಒಂದು ಕಾರ್ ಕ್ಲಬ್ಬಿನಲ್ಲಿ ಇನ್‌ಸ್ಟ್ರಕ್ಟರ್. ಜನ ತಮ್ಮ ತಮ್ಮ ಕಾರು ತಂದು, ಎದುರಿಗೆ ಎಮ್ಮೆಯಾಗಲಿ ಲಾರಿಯಾಗಲಿ ಬರದ ಟ್ರ್ಯಾಕಿನ ಮೇಲೆ ವೇಗವಾಗಿ ಓಡಿಸುವುದನ್ನು ಕಲಿಯುತ್ತಾರೆ. ಇವನು ಎಡಗಡೆ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತು ಹೇಳಿಕೊಡುತ್ತಾನೆ. ಸಂಬಳವಿಲ್ಲ. ವಾಲಂಟರಿ. ಪ್ರತಿಯಾಗಿ ಅವನೂ ನಾಲ್ಕು ಸುತ್ತು ಪುಕ್ಕಟೆ ಓಡಿಸಬಹುದು, ಅಷ್ಟೇ.

ಆರೂಕಾಲಿಗೆ ಹೊರಟೆವು. ಉತ್ತಮಪಾಳಯಂ ದಾಟುವ ಹೊತ್ತಿಗೆ ನನಗೆ ಸಾಕುಬೇಕಾಗಿತ್ತು. "ನೋಡು ಅಕ್ಕ, ಈ ವ್ಯಾನಿನವನು ತಿರುವಿಗೆ ಮೊದಲೇ ಒಳಗೆ ನುಗ್ಗಿದ. ಹೊರಗಿನಿಂದ ಬರಬೇಕು." "ನೋಡು, ಈ ಬಸ್ಸಿನವನಿಗೆ ಬ್ರೇಕ್ ಒತ್ತೋದು ಗೊತ್ತಿಲ್ಲ."

"ಅವನು ನಲವತ್ತು ಜನರನ್ನ ಕರ್ಕೊಂಡು ಕೆಲಸಕ್ಕೆ ಹೋಗ್ತಿದಾನೆ ಕಣೋ," ಅಂದೆ.

"ಪೇಸಬೇಡ ಅಕ್ಕ, ನನ್ ಲೈನು ತಪ್ಪೋಗ್ತದೆ."

ನಮ್ಮ ಮನೆಮಾತು ಕನ್ನಡ ಹೀಗೆಯೇ, ಮಾತಾಡಬೇಡ ಅನ್ನುವುದಕ್ಕೂ ತಮಿಳು ಬಂದು ಕೂತಿರುತ್ತದೆ. ತಲೆತಲಾಂತರದಿಂದ ಈ ತಮಿಳು ನೆಲದಲ್ಲೇ ಉತ್ತು ಬಿತ್ತವರು ನಾವು. ಆದರೆ ಬಾಯಿ ಮುಚ್ಚು ಅಂತ ಅವನು ನನಗೆ ಹೇಳಿದ್ದು ಯಾವ ಭಾಷೆಯಲ್ಲೂ ಸರಿಯಿಲ್ಲ.

ವತ್ತಲಗುಂಡಿನಲ್ಲಿ ಇಡ್ಲಿ. ಸಾಂಬಾರು ಚೆನ್ನಾಗಿತ್ತು, ಅದೊಂದು ಒಪ್ಪುತ್ತೇನೆ. ಸೆಂಪಟ್ಟಿಯಲ್ಲಿ ದಿಂಡಿಗಲ್‌ಗೆ ನೇರ ಹೋಗುವ ಬದಲು ಕಾರು ಎಡಕ್ಕೆ ತಿರುಗಿತು.

"ಲೇ, ದಿಂಡಿಗಲ್ ಆ ಕಡೆ."

"ಒಂದೇ ಒಂದು ಸಹಿ ಅಕ್ಕ. ಒಡ್ಡನ್‌ಛತ್ರಂ ದಾಟಿದ್ರೆ ಟ್ರ್ಯಾಕು. ಸಹಿ ಹಾಕೋದು, ಬರೋದು."

ಒಡ್ಡನ್‌ಛತ್ರಂನಲ್ಲಿ ಟೊಮೆಟೊ ಲಾರಿಗಳ ನಡುವೆ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಟ್ರ್ಯಾಕ್ ತಲುಪಿದಾಗ ಹತ್ತೂವರೆ. ಬಯಲು, ಬಿಸಿಲು, ಕಣ್ಣಿಗೆ ಮಣ್ಣು ಎರಚುವ ಗಾಳಿ. ಒಂದು ತಗಡಿನ ಶೆಡ್ಡಿನಡಿ ಹತ್ತು ಹನ್ನೆರಡು ಜನ ನಡುವಯಸ್ಸಿನವರು ಶಾಲೆ ಮಕ್ಕಳ ಹಾಗೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಆಗ ತಿಳಿಯಿತು: ಅವತ್ತು ಕಲಿಯುವವರು ಯಾರೂ ಬಂದಿರಲಿಲ್ಲ. ಇನ್‌ಸ್ಟ್ರಕ್ಟರುಗಳಿಗೇ ಪರೀಕ್ಷೆ. ಅವರ ಡ್ರೈವಿಂಗನ್ನೇ ತಿದ್ದುವ ದಿನ. ಪಾಸಾಗದವರು ಇನ್ನು ಯಾರ ಪಕ್ಕವೂ ಕೂರುವ ಹಾಗಿಲ್ಲ. ದೊರೈ ಇದನ್ನು ನನ್ನಿಂದ, ಅವನ ಹೆಂಡತಿಯಿಂದ, ಬಹುಶಃ ತನ್ನಿಂದಲೂ ಬಚ್ಚಿಟ್ಟಿದ್ದ.

ಪರೀಕ್ಷಿಸುವವಳು ಯಾಮಿನಿ, ಚಿನ್ನಮನೂರಿನವಳು, ಮೂವತ್ತು ಮೂವತ್ತೆರಡು ಇರಬಹುದು. ನಮ್ಮ ಜನವೇ. ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ; ಇಲ್ಲಿ ನಾನೇ ಕನ್ನಡ ಮಾಡಿ ಹೇಳುತ್ತಿದ್ದೇನೆ. ಏಳು ವರ್ಷದ ಹಿಂದೆ ದೊರೈ ಹತ್ತಿರವೇ ಕಲಿತವಳು. ನನ್ನನ್ನು "ಪಾಟಿ" ಅಂದಳು, ಅಜ್ಜಿ ಅಂತ. ನನ್ನ ತಮ್ಮ ಅವಳಿಗೆ "ಸರ್", ನಾನು ಅಜ್ಜಿ.

ಇಬ್ಬರೂ ಮೂರು ಸುತ್ತು ಹೋಗಿಬಂದರು. ಮೂರು ಸಲವೂ ಮೂರನೇ ತಿರುವಿನಲ್ಲೇ ದೊರೈಯ ಕಾರು ಹೊರಕ್ಕೆ ಜಾರಿ ಅಂಚಿನ ಮಣ್ಣು ಎಬ್ಬಿಸಿತು. ಇಳಿದವನ ಮುಖ ಕೆಂಪಾಗಿತ್ತು.

"ಟೈರಿಗೆ ಗಾಳಿ ಜಾಸ್ತಿ," ಅಂದ.

"ಟೈರ್ ಸರಿಯಾಗಿದೆ ಸರ್," ಅಂದಳು ಯಾಮಿನಿ. "ನೀವು ಮಾತಾಡ್ತಿದೀರ. ಬ್ರೇಕ್ ಒತ್ತಬೇಕಾದ ಜಾಗ ಬಂದಾಗ ಬಾಯಲ್ಲಿ 'ಬ್ರೇಕ್' ಅಂತೀರ. ಆಮೇಲೆ ಒತ್ತುತ್ತೀರ. ಪಕ್ಕದಲ್ಲಿ ಕೂತು ಬೇರೆಯವರಿಗೆ ಹೇಳಿ ಹೇಳಿ, ಈಗ ನಿಮಗೂ ನೀವೇ ಹೇಳಿದ ಮೇಲೇ ಕಾಲು ಏಳುತ್ತೆ."

"ನಾನೆಲ್ಲಿ ಮಾತಾಡ್ದೆ?"

ಅವನಿಗೆ ಗೊತ್ತೇ ಇರಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೂವತ್ತಾರು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಪೇಪರು ತಿದ್ದಿದವಳು ನಾನು. ಈಗ ಗೆಳತಿಗೊಂದು ಕಾಗದ ಬರೆಯಲು ಕೂತರೆ ಎರಡನೇ ಸಾಲಿಗೇ ನನ್ನ ವಾಕ್ಯದ ಕೆಳಗೆ ನಾನೇ ಗೆರೆ ಎಳೆಯುತ್ತೇನೆ. ಎಷ್ಟೋ ಕಾಗದ ಪೋಸ್ಟೇ ಆಗಿಲ್ಲ.

"ಬಾಯಿ ಮುಚ್ಚಿ ಎರಡು ಸುತ್ತು ಓಡಿಸಿ ಸರ್," ಅಂದಳು. ಹೋದ. ಮೊದಲ ತಿರುವಿಗೇ ತುಟಿ ಆಡುತ್ತಿದ್ದವಂತೆ. ವಾಪಸು ಬಂದು ಬಾಗಿಲು ದಢಾರನೆ ಹಾಕಿದ. ನನ್ನ ವಾಚಿನಲ್ಲಿ ಹನ್ನೆರಡೂ ಹತ್ತು. ದಿಂಡಿಗಲ್‌ನಲ್ಲಿ ಬಿರಿಯಾನಿ ಬಡಿಸಿಯಾಗಿರುತ್ತದೆ. ನನಗೆ ತಡೆಯಲಾಗಲಿಲ್ಲ.

"ಬಾಯಿಗೆ ನೀರು ತುಂಬ್ಕೊ," ಅಂದೆ. "ಹಾಸ್ಟೆಲಿನಲ್ಲಿ ಪ್ರೇಯರ್ ಹೊತ್ತಿಗೆ ಗುಸುಗುಸು ಅಂದ್ರೆ ಸಿಸ್ಟರ್ ನಮಗೆ ಹಾಗೇ ಮಾಡಿಸ್ತಿದ್ರು. ನುಂಗಬಾರದು, ಉಗುಳಬಾರದು."

"ನಾನೇನು ಮಗುವಾ ಅಕ್ಕ?"

"ಮಗುವಾಗಿದ್ರೆ ಇಷ್ಟೊತ್ತಿಗೆ ಕಲೀತಿದ್ದೆ."

ಯಾಮಿನಿ ಬಾಟಲಿ ಚಾಚಿದಳು. ಮೊದಲ ಸುತ್ತಿನ ಅರ್ಧಕ್ಕೇ ಅವನು "ಬ್ರೇಕ್" ಅನ್ನಲು ಹೋಗಿ ನೀರೆಲ್ಲ ಸ್ಟೇರಿಂಗಿನ ಮೇಲೆ ಉಗಿದನಂತೆ. ಮತ್ತೆ ತುಂಬಿಸಿಕೊಂಡ. ಈ ಸಲ ಕಾರು ಆ ತಿರುವಿಗೆ ಬಂದಾಗ ಮೂತಿ ಮೆಲ್ಲಗೆ ತಗ್ಗಿತು, ಒಳಅಂಚನ್ನು ಸವರಿಕೊಂಡು ಹೊರಟಿತು. ಮಣ್ಣು ಏಳಲಿಲ್ಲ. ಶೆಡ್ಡಿನಡಿ ನಿಂತಿದ್ದವರೆಲ್ಲ ಬಿಸಿಲಿಗೆ ಬಂದು ನೋಡಿದರು. ಎರಡನೇ ಸುತ್ತೂ ಹಾಗೇ. ಇಳಿದು, ನೀರು ಉಗಿದು, ಮಗ್ಗಿ ಒಪ್ಪಿಸಿದ ಹುಡುಗನ ಹಾಗೆ ಯಾಮಿನಿಯ ಮುಖ ನೋಡಿದ.

"ಚೆನ್ನಾಗಿತ್ತು ಸರ್. ಆದ್ರೆ ನೀರಿಲ್ಲದೆ ಇನ್ನೂ ಎರಡು ದಿನ ಬಂದು ಓಡಿಸ್ಬೇಕು. ಅಲ್ಲೀವರೆಗೆ ನಿಮಗೆ ಕಲಿಯೋರನ್ನ ಯಾರನ್ನೂ ಕೊಡಲ್ಲ."

"ನನ್ ಡ್ರೈವಿಂಗ್ ಹಾಳಾಗಿರಬಹುದು ಅಮ್ಮ. ಕಲಿಸೋದರಲ್ಲಿ ಏನು ತಪ್ಪು?"

ಯಾಮಿನಿ ಬಾಟಲಿಗೆ ಮುಚ್ಚಳ ಹಾಕಿದಳು. "ನಿಮ್ಮ ಹತ್ತಿರ ಕಲ್ತವರೆಲ್ಲ ಅದೇ ತಿರುವಿನಲ್ಲಿ ಹೊರಕ್ಕೆ ಜಾರ್ತೀವಿ ಸರ್. ನಾನೂ ಜಾರ್ತಿದ್ದೆ. ನೀವು ಪಕ್ಕದಲ್ಲಿ ಇಲ್ದೇ ಇದ್ರೂ ನಿಮ್ಮ ದನಿಗೆ ಕಾಯ್ತೀವಿ. ಅದನ್ನ ಬಿಡೋದಕ್ಕೆ ನನಗೆ ಒಂದು ವರ್ಷ ಹಿಡೀತು."

ದೊರೈ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಲೇ ನಿಂತ, ಅದು ಆಗಲೇ ಬಿಚ್ಚಿತ್ತು.

ಎರಡು ಗಂಟೆಗೆ ಊರಿನ ಕಡೆ ಹೊರಟೆವು. ದಿಂಡಿಗಲ್ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಗೆಳತಿ ಫೋನ್ ಮಾಡಿ, "ಯುವರ್ ಚೇರ್ ವಾಸ್ ಕೆಪ್ಟ್, ಡಿಯರ್," ಅಂದಿದ್ದಳು. ಅದೇ ಸಾಕಾಗಿತ್ತು ಕಣ್ಣು ತುಂಬುವುದಕ್ಕೆ. ವತ್ತಲಗುಂಡಿನಲ್ಲಿ ಬಾಳೆಹಣ್ಣು, ಟೀ.

ಪೆರಿಯಕುಳಂ ದಾಟಿದ ಮೇಲೆ ದೊರೈ ಒಂದು ಹುಣಸೆಮರದಡಿ ಕಾರು ನಿಲ್ಲಿಸಿ ಫೋನ್ ತೆಗೆದ. ಇನ್ನೇನು ಕರ್ಮವಪ್ಪಾ ಅಂದುಕೊಂಡೆ.

"ತಂಬಿ, ನಾನು ದೊರೈರಾಜ್. ಆ ಮೂರನೇ ತಿರುವು... ಅಲ್ಲಿ ನಾನು ಕಲಿಸಿದ್ದು ತಪ್ಪು. ನನ್ ದನಿಗೆ ಕಾಯಬೇಡ. ನಿನ್ ಕಣ್ಣು ಹೇಳಿದ ಕಡೆ ಒತ್ತು. ಯಾಮಿನಿ ಹತ್ತಿರ ಹೋಗು, ಸರಿ ಮಾಡ್ತಾಳೆ."

ಹೀಗೆ ಅವನ ಹತ್ತಿರ ಕಲಿತ ನಾಲ್ಕು ಜನಕ್ಕೆ. ಪ್ರತಿಯೊಬ್ಬರಿಗೂ ಮೊದಲಿಂದ, ಅದೇ ಮಾತು. ಒಬ್ಬ ನಕ್ಕನೆಂದು ಕಾಣುತ್ತದೆ. ದೊರೈ, "ನಗು, ಪರವಾಯಿಲ್ಲ, ಕೇಳ್ಕೊ" ಅಂದ. ನನ್ನ ಸೊಂಟ ನೋಯುತ್ತಿತ್ತು. ನಾನು ಯಾವ ವಿದ್ಯಾರ್ಥಿಗೂ ಹೀಗೆ ಫೋನ್ ಮಾಡಿದವಳಲ್ಲ. ಮಾಡಬೇಕಾದವರು ಇಲ್ಲವೆಂದಲ್ಲ.

ಐದನೆಯವನು ಎತ್ತಲಿಲ್ಲ.

"ನಾಳೆ ಮಾಡೋ. ಬಿಸಿಲು ಇಳೀತಿದೆ, ಹೊರಡು."

"ನಾಳೆ ಬೆಳಿಗ್ಗೆಯೇ ಅವನು ಟ್ರ್ಯಾಕಿಗೆ ಇಳೀತಾನೆ ಅಕ್ಕ," ಅಂದ. ಮತ್ತೆ ಅದೇ ನಂಬರು ಒತ್ತಿ ಕಿವಿಗಿಟ್ಟುಕೊಂಡ.