ಇಂಗ್ರೇಜಿ ಸೀಮೆಯಲ್ಲಿ ಮಾವನ ಗಾಡಿ

ಕೇಳಿ ಗೆಳೆಯರೇ, ನಾಳೆ ಬೆಳಗ್ಗೆ ಬೆಂಗಳೂರಿನಲ್ಲಿ ನನಗೆ ಗುಮಾಸ್ತೆ ಕೆಲಸದ ಸಂದರ್ಶನ. ಹಿಂದೂಪುರದಲ್ಲಿ ರೈಲು ಹತ್ತಿಸಲು ಐ.ಡಿ.ಹಳ್ಳಿಯ ಸೋದರಮಾವ ಇವತ್ತು ಎತ್ತಿನ ಗಾಡಿ ಕಟ್ಟಿದ. ಗಡಿಕಲ್ಲು ದಾಟುತ್ತಲೇ ಉಪದೇಶ ಶುರುವಾಯಿತು.

"ಇದು ನಮ್ಮ ಮಹಾರಾಜರ ಸೀಮೆ ಅಲ್ಲ ಕಣ್ಲಾ, ಇಂಗ್ರೇಜಿಯವರದು. ಎಡಬದಿ ಬುಟ್ರೆ ಪೊಲೀಸ್ನೋರು ಗಾಡಿ ಸಮೇತ ಎಳ್ಕೊಂಡೋಗ್ತಾರೆ. ಮೈಯೆಲ್ಲ ಕಣ್ಣಾಗಿರ್ಬೇಕು."

ಇಷ್ಟು ಹೇಳಿದವನು, ಊರಲ್ಲಿ ಮಾಡುವಂತೆಯೇ ಹಗ್ಗವನ್ನು ಗೂಟಕ್ಕೆ ಸುತ್ತಿ, ಎತ್ತುಗಳನ್ನು ನಂಬಿ ಮಲಗಿಬಿಟ್ಟ. ನನಗೆ ದಾರಿ ಗೊತ್ತಿರಲಿಲ್ಲ. ಎತ್ತುಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ಎಡಬದಿ ಬಿಡದೆ ನಡೆದು, ಎಡಕ್ಕೇ ತಿರುಗಿ, ಒಂದು ಕೊಟ್ಟಿಗೆಯ ಮುಂದೆ ನಿಂತವು. ಹೋದ ವರ್ಷ ಮಾವನಿಗೆ ಅವುಗಳನ್ನು ಮಾರಿದ ರೆಡ್ಡಿಯ ಕೊಟ್ಟಿಗೆ ಅದು.

"ಏಮಪ್ಪಾ, ಎತ್ತು ವಾಪಸ್ ಕೊಡೋಕೆ ಬಂದ್ರಾ?" ಎಂದು ರೆಡ್ಡಿ ನಕ್ಕ. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಇವತ್ತಿಗೆ ಅದೇ ಕೊನೆಯ ರೈಲು.

ಮಾವ ಕಣ್ಣುಜ್ಜಿಕೊಂಡು ಎದ್ದ. "ಕೆಲ್ಸ ಇನ್ನೊಂದು ಸಿಗ್ತದೆ ಬುಡ್ಲಾ. ಪೊಲೀಸ್ನೋರ ಕೈಗೆ ಸಿಕ್ಕಿದ್ವಾ, ಅದ್ನ ಏಳು."

ಸಿಕ್ಕಲಿಲ್ಲ. ಪರಸೀಮೆಯಲ್ಲಿ ಇಷ್ಟು ಜೋಪಾನವಾಗಿ ಗಾಡಿ ಹೊಡೆದವರು ಬೇರೆ ಯಾರೂ ಇರಲಾರರು.